ಎರಡು ಹಲಗೆ ಎತ್ತರ

ತುಳಜಾರಾಮ ತೀರಿಕೊಂಡ. ಕಳೆದ ಮಂಗಳವಾರ ಮಧ್ಯಾಹ್ನ ಮೂರರ ಸುಮಾರಿಗೆ, ಹುಮನಾಬಾದಿನ ಒಂದು ಬೇಳೆ ಗಿರಣಿಯ ಅಂಗಳದಲ್ಲಿ, ತನ್ನದೇ ಲಾರಿಯ ಕ್ಯಾಬಿನ್ನಿನೊಳಗೆ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ಹೃದಯ ನಿಂತಿದೆ ಎಂದು ಡಾಕ್ಟರು ಬರೆದುಕೊಟ್ಟರು. ಅವನಿಗೆ ಐವತ್ತಾರು ವರ್ಷ.

ನಾವಿಬ್ಬರೂ ಬಸವಕಲ್ಯಾಣ ತಾಲ್ಲೂಕಿನ ಕೊಹಿನೂರಿನವರು. ಏಳನೆಯವರೆಗೆ ಕೂಡಿ ಓದಿದೆವು. ನಾನು ಮುಂದೆ ಓದಿ ಮಾಸ್ತರನಾದೆ. ಅವನು ಬಸವಕಲ್ಯಾಣಕ್ಕೆ ಹೋಗಿ ಲಾರಿಗೆ ಬಾಡಿ ಕಟ್ಟುವ ಶೆಡ್ಡು ಸೇರಿದ. ಕಂಪನಿಯಿಂದ ಹೊಸ ಲಾರಿ ಬರುವಾಗ ಎಂಜಿನ್ನು, ಚಾಸಿ, ಗಾಲಿ ಇಷ್ಟೇ ಇರುತ್ತದೆ. ಮಾಲು ತುಂಬುವ ಹಿಂಭಾಗವನ್ನು ಹಲಗೆ ಮತ್ತು ಕಬ್ಬಿಣದಿಂದ ನಮ್ಮ ಕಡೆಯ ಮಿಸ್ತ್ರಿಗಳು ಕಟ್ಟುತ್ತಾರೆ. ತುಳಜಾರಾಮ ಹನ್ನೆರಡು ವರ್ಷ ಬೇರೆಯವರ ಲಾರಿಗಳಿಗೆ ಹಲಗೆ ಹೊಡೆದ, ಆಮೇಲೆ ಬೇರೆಯವರ ಲಾರಿಗಳನ್ನು ಓಡಿಸಿದ. ಹದಿನಾಲ್ಕು ವರ್ಷದ ಹಿಂದೆ ಒಂದು ಸೆಕೆಂಡ್ ಹ್ಯಾಂಡ್ ಹತ್ತು ಗಾಲಿಯ ಲಾರಿ ತನ್ನದಾಗಿ ಕೊಂಡುಕೊಂಡ. ಬಾಡಿಯನ್ನು ಕಿತ್ತುಹಾಕಿ ತಾನೇ ಹೊಸದಾಗಿ ಕಟ್ಟಿದ.

"ಮಾಲಕನೂ ನಾನೇ, ಡ್ರೈವರನೂ ನಾನೇ ಮಾಸ್ತರ. ಪಗಾರ ಯಾಕ ತಡಾ ಆತು ಅಂತ ಕನ್ನಡಿ ನೋಡ್ಕೋತ ಜಗಳಾ ಮಾಡ್ಬೇಕು," ಎನ್ನುತ್ತಿದ್ದ.

ಆ ಲಾರಿಗೆ ಬೇರೆ ಡ್ರೈವರನನ್ನು ಅವನು ಎಂದೂ ಹತ್ತಿಸಲಿಲ್ಲ. ಕಣ್ಣು ಕಾಣುವವರೆಗೆ ತನ್ನ ಗಾಡಿಯನ್ನು ತಾನೇ ಓಡಿಸಬೇಕು, ಮತ್ತೊಬ್ಬರ ಕೈಕೆಳಗೆ ಹೋಗಬಾರದು ಎಂಬುದನ್ನು ಬಿಟ್ಟು ಇನ್ನೊಂದು ಆಸೆಯನ್ನು ಅವನ ಬಾಯಿಂದ ನಾನು ಕೇಳಿಲ್ಲ.

ಹುಮನಾಬಾದಿನ ಗಿರಣಿಗಳಿಂದ ತೊಗರಿ ಹೊಟ್ಟನ್ನು ಸಾಂಗ್ಲಿ ಕಡೆಯ ದನದ ಮೇವಿನ ಫ್ಯಾಕ್ಟರಿಗಳಿಗೆ ಒಯ್ಯುವುದು ಅವನ ಕೆಲಸ. ಬಾಡಿಗೆಯನ್ನು ಟನ್ನಿನ ಲೆಕ್ಕದಲ್ಲಿ ಕೊಡುತ್ತಾರೆ. ಆದರೆ ಹೊಟ್ಟು ಹಗುರ. ಲಾರಿ ತುಂಬಿ ತುಳುಕಿದರೂ ತೂಕ ಏಳು ಟನ್ ದಾಟುವುದಿಲ್ಲ. ಏಳೆಂಟು ವರ್ಷದ ಹಿಂದೆ, ಡೀಸೆಲ್ ಎಪ್ಪತ್ತರ ಆಸುಪಾಸಿನಲ್ಲಿ ಇದ್ದಾಗ, ಟನ್ನಿಗೆ ಹದಿನಾಲ್ಕುನೂರು ಸಿಗುತ್ತಿತ್ತು. ಡೀಸೆಲ್ ಏರತೊಡಗಿತು, ಬಾಡಿಗೆ ಏರಲಿಲ್ಲ. ಒಂದು ದಿನ ತುಳಜಾರಾಮ ಗಿರಣಿಯ ಲೆಕ್ಕ ನೋಡುವ ಮುನೀಮನ ಬಳಿ ಹೋಗಿ ನೂರು ರೂಪಾಯಿ ಹೆಚ್ಚಿಗೆ ಕೇಳಿದ. ಮುನೀಮ ಕುರ್ಚಿಯಿಂದ ಎದ್ದು ಹೊರಗೆ ಬಂದು ಲಾರಿಯನ್ನು ಮೇಲಿಂದ ಕೆಳಗೆ ನೋಡಿದನಂತೆ.

"ನೂರು ರೂಪಾಯಿ ಯಾಕ ಕೇಳ್ತೀರಿ? ಮ್ಯಾಲ ಅಷ್ಟು ಆಕಾಶ ಖಾಲಿ ಬಿದ್ದದ. ಎರಡು ಹಲಗಿ ಏರಸ್ರಿ, ನಿಮ್ಮ ನೂರು ನಿಮಗ ಸಿಗ್ತದ."

ಶೆಡ್ಡಿನಲ್ಲಿ ಬೆಳೆದವನಿಗೆ ಹಲಗೆ ಏರಿಸುವುದು ಒಂದು ದಿನದ ಕೆಲಸ. ಏರಿಸಿದ. ಎರಡು ಟನ್ ಹೆಚ್ಚಿಗೆ ಹಿಡಿಯಿತು. ಆ ವರ್ಷ ಅವನು ಖುಷಿಯಾಗಿದ್ದ, ನನಗೂ ಒಂದು ಜೊತೆ ಚಪ್ಪಲಿ ತಂದುಕೊಟ್ಟ. ಅವನ ಗಾಡಿ ನೋಡಿ, ಅವನ ಹಾಗೆಯೇ ಹೊಟ್ಟು ಸಾಗಿಸುವ ಧನರಾಜನೆಂಬ ಹುಡುಗ ಏರಿಸಿದ, ಮತ್ತೆ ಇನ್ನೊಬ್ಬ. ಮಿಸ್ತ್ರಿಗಳಿಗೆ ಬಿಡುವಿಲ್ಲದ ಕೆಲಸ. ಎರಡು ವರ್ಷದಲ್ಲಿ ನಮ್ಮ ಕಡೆ ಹೊಟ್ಟು ಸಾಗಿಸುವ ಲಾರಿಗಳೆಲ್ಲ ಎರಡು ಹಲಗೆ ಎತ್ತರವಾದವು. ಎಲ್ಲ ಗಾಡಿಗಳೂ ಒಂಬತ್ತು ಟನ್ ಹಿಡಿಯುತ್ತವೆ ಎಂದು ಖಾತ್ರಿಯಾದ ಮೇಲೆ ಗಿರಣಿಯವರು ದರವನ್ನು ಹನ್ನೆರಡುನೂರಕ್ಕೆ ಇಳಿಸಿದರು. ಹೆಚ್ಚಿಗೆ ಹೊತ್ತ ಹೊಟ್ಟು ಹೀಗೆ ಬಹುಮಟ್ಟಿಗೆ ಪುಕ್ಕಟೆಯಾಗಿ ಸಾಂಗ್ಲಿಗೆ ಹೋಗತೊಡಗಿತು. ದರ ಹೆಚ್ಚಿಸಿ ಎಂದು ಕೇಳಬೇಕಾದ ಜನ ಗಾಡಿಯನ್ನು ಹೆಚ್ಚಿಸಿಕೊಂಡಿದ್ದರು. ಈ ತಪ್ಪನ್ನು ಬಾಡಿ ಕಟ್ಟಲು ಗೊತ್ತಿರುವ ಊರಿನವರೇ ಮಾಡಬಲ್ಲರು.

ಹಳೆಯ ಲಾರಿಗೆ ವರ್ಷಕ್ಕೊಮ್ಮೆ ಫಿಟ್‌ನೆಸ್ ಬೇಕು. ಗಾಡಿ ರಸ್ತೆಗೆ ಯೋಗ್ಯ ಎಂಬ ಸರಕಾರದ ಚೀಟಿ ಅದು. ಹೋದ ದೀಪಾವಳಿಯ ಮುಂದೆ ಅವನು ಗಾಡಿಯನ್ನು ಆರ್‌ಟಿಒ ಕಚೇರಿಗೆ ಒಯ್ದಾಗ ಅಲ್ಲಿ ಮೊದಲಿನ ಹಾಗೆ ಇರಲಿಲ್ಲ. ಅಳತೆ ತೆಗೆಯುತ್ತಾರೆ, ಫೋಟೊ ಹೊಡೆಯುತ್ತಾರೆ, ಗಾಡಿಯ ಆರ್‌ಸಿ ಪುಸ್ತಕದಲ್ಲಿ ಬರೆದ ಎತ್ತರಕ್ಕಿಂತ ಒಂದು ಬೆರಳು ಹೆಚ್ಚಾದರೂ ಕಂಪ್ಯೂಟರು ಒಪ್ಪುವುದಿಲ್ಲ. ತುಳಜಾರಾಮನ ಗಾಡಿ ಒಂದು ಮೊಳ ಹೆಚ್ಚಿಗೆ ಇತ್ತು. ವಾಪಸು ಕಳಿಸಿದರು. ಬರುವಾಗ ರಸ್ತೆಯಲ್ಲಿ ಅದೇ ಕಾರಣಕ್ಕೆ ದಂಡವನ್ನೂ ಹಾಕಿದರು. ನಿಯಮ ತಪ್ಪೆಂದು ನಾನು ಹೇಳಲಾರೆ. ಎತ್ತರದ ಗಾಡಿ ತಿರುವಿನಲ್ಲಿ ಹೇಗೆ ಓಲಾಡುತ್ತದೆ ಎಂದು ಅವನೇ ನನಗೆ ಹೇಳಿದ್ದ. ಆದರೆ ಲಾರಿಯ ಎತ್ತರಕ್ಕೆ ನಿಯಮ ಮಾಡಿದ ಸರಕಾರಕ್ಕೆ ಟನ್ನಿನ ಬಾಡಿಗೆಗೂ ಒಂದು ಕೆಳಮಿತಿ ಇರಲಿ ಎಂದು ತೋಚಲಿಲ್ಲ.

ಹಲಗೆಗಳನ್ನು ಅವನೇ ಬಿಚ್ಚಿದ. ಶೆಡ್ಡಿನ ಮಿಸ್ತ್ರಿ, "ಇಡ್ರಿ ಭಾಯಿ, ನಾ ಬಿಚ್ತೀನಿ," ಎಂದರೂ ಕೇಳಲಿಲ್ಲ. ಮನೆಗೆ ತಂದ ಹಲಗೆಗಳನ್ನು ನೋಡಿ ಅವನ ಹೆಂಡತಿ ಅಂಬುಬಾಯಿ, "ನಮ್ಮ ಕೋಳಿಗಿ ಅರಮನಿ ಆತು ಬಿಡ್ರಿ," ಎಂದು ಗೂಡು ಮಾಡಿಸಿಕೊಂಡಳು. ಗಾಡಿಗೆ ಫಿಟ್‌ನೆಸ್ ಸಿಕ್ಕಿತು. ಮತ್ತೆ ಏಳು ಟನ್. ದರ ಮಾತ್ರ ಒಂಬತ್ತು ಟನ್ನಿನ ಕಾಲದ್ದೇ. ಡೀಸೆಲ್ ತೊಂಬತ್ತು ದಾಟಿತ್ತು.

ಸಂಕ್ರಾಂತಿಯಾದ ಮೇಲೆ ಮನ್ನಾಏಖೇಳ್ಳಿಯ ಹೆದ್ದಾರಿ ಪಕ್ಕದ ಒಂದು ಚಹಾದಂಗಡಿಯಲ್ಲಿ ಇಪ್ಪತ್ಮೂರು ಮಂದಿ ಕೂಡಿದರು. ಎಲ್ಲರೂ ಒಂದೊಂದೇ ಲಾರಿಯ ಮಾಲಕರು, ಎಲ್ಲರೂ ಹಲಗೆ ಬಿಚ್ಚಿದವರು. ಟನ್ನಿಗೆ ಹದಿನಾರುನೂರು ಕೊಡುವವರೆಗೆ ಯಾರೂ ಹೊಟ್ಟು ತುಂಬಬಾರದು ಎಂದು ಠರಾಯಿಸಿದರು. ಮನವಿ ಬರೆಯಲು ನನ್ನನ್ನು ಕರೆಸಿದ್ದರು. ಮೂರು ಪುಟ ಬರೆದೆ. ತುಳಜಾರಾಮ ಕನ್ನಡಕ ಏರಿಸಿ ಓದಿದ.

"ಮಾಸ್ತರ, ಇದು ಲಗ್ನಪತ್ರಿಕಿ ಆಗೇದ. ವಿನಂತಿ, ಸವಿನಯ, ಕೃಪೆ ಎಲ್ಲಾ ಅದ. ದರಾ ಏರಸ್ರಿ ಅಂತ ಎಲ್ಲಿ ಬರದೀ ತೋರಸು."

ಎಲ್ಲರೂ ನಕ್ಕರು. ನಾಲ್ಕು ಸಾಲಿಗೆ ಇಳಿಸಿದೆ. ಆಗ ಅವನು ಎದ್ದು ನಿಂತು, ನಗದೆ, "ಮೊದಲನೇ ಹಲಗಿ ನಂದೇ. ನಾ ಏರಸಲಾರದೆ ಇದ್ದಿದ್ರ ನೀವೂ ಏರಸ್ತಿರಲಿಲ್ಲ. ಅದಕ್ಕ ಕಡೀತನಾ ನಿಲ್ಲೋನೂ ನಾನೇ ಆಗ್ತೀನಿ," ಎಂದ.

ಮುನೀಮ ಮನವಿ ತೆಗೆದುಕೊಂಡು ತನ್ನ ಫೋನು ತೋರಿಸಿದ. ದೂರದ ಯಾವುದೋ ಕಂಪನಿ, ನೂರಾರು ಲಾರಿ. ಮಾಲು ಇದೆ ಎಂದು ಫೋನಿನಲ್ಲಿ ಹಾಕಿದರೆ ಸಾಕು, ಯಾರು ಕಡಿಮೆ ದರ ಬರೆಯುತ್ತಾರೋ ಅವರ ಗಾಡಿ ಬರುತ್ತದೆ. "ನೋಡ್ರಿ, ಹನ್ನೊಂದುನೂರಕ್ಕ ತಯಾರ ಕುಂತಾರ. ನೀವು ನಮ್ಮವರು ಅಂತ ನಾ ಇನ್ನೂ ಹನ್ನೆರಡು ಅನ್ನಾಕತ್ತೇನಿ."

ಎಂಟನೆಯ ದಿನ ಧನರಾಜ ತುಳಜಾರಾಮನ ಮನೆಗೆ ಬಂದ. ಆ ಇಪ್ಪತ್ಮೂರು ಮಂದಿಯಲ್ಲಿ ಎಲ್ಲರಿಗಿಂತ ಚಿಕ್ಕವನು, ಮೂವತ್ತು ದಾಟಿಲ್ಲ. ನಾನೂ ಅಲ್ಲೇ ಇದ್ದೆ. ಹೊಸ್ತಿಲ ಹೊರಗೇ ನಿಂತಿದ್ದ.

"ಕಾಕಾ, ಬೈರಿ."

"ಯಾಕ ಬೈಲಿ? ಒಳಗ ಬಾ."

"ನಾಳಿ ಗಾಡಿ ತುಂಬಸ್ತೀನಿ. ಹನ್ನೊಂದುನೂರಕ್ಕ. ಮುನೀಮ ಈಗ ಹನ್ನೆರಡಕ್ಕ ಒಲ್ಲೆ ಅಂತಾನ. ಮೊದ್ಲು ಬೈರಿ, ಆಮ್ಯಾಲ ಒಳಗ ಬರ್ತೀನಿ."

ನಾನು ಬೈದೆ. ಸಂಘಟನೆ, ಮಾತು, ಮಾನ ಎಂದೆಲ್ಲ ದೊಡ್ಡ ದೊಡ್ಡ ಶಬ್ದ ಬಳಸಿದೆ. ತುಳಜಾರಾಮ ನನ್ನ ಮೊಣಕೈ ಹಿಡಿದು ಸುಮ್ಮನಿರಿಸಿದ. "ಚಹಾ ಕುಡದು ಹೋಗು ಧನ್ಯಾ. ಟಾಯರ್ ಹವಾ ನೋಡ್ಕೋ, ಎಂಟು ದಿನಾ ನಿಂತದ ಗಾಡಿ," ಎಂದ. ಧನರಾಜ ಚಹಾ ಕುಡಿಯಲಿಲ್ಲ. ಮುಂದಿನ ನಾಲ್ಕು ದಿನದಲ್ಲಿ ಉಳಿದವರೂ ಒಬ್ಬೊಬ್ಬರಾಗಿ ತುಂಬಿಸಿದರು.

ಕೊನೆಗೆ ನಿಂತದ್ದು ಒಂದೇ ಲಾರಿ. ಸೋಮವಾರ ಸಂಜೆ ನಾನು ಅವನ ಮನೆಗೆ ಹೋಗಿ ಇನ್ನೊಂದು ವಾರ ತಡೆ ಎಂದೆ. ಇದನ್ನು ಬರೆಯುವುದು ನನಗೆ ಸುಲಭವಿಲ್ಲ. ತಿಂಗಳ ಒಂದನೇ ತಾರೀಖಿಗೆ ಸಂಬಳ ಎಣಿಸುವ ನಾನು ಅವನಿಗೆ ಆ ಮಾತು ಹೇಳಿದೆ. ಅವನು ಸಿಟ್ಟಾಗಲಿಲ್ಲ.

"ಗಾಡಿ ನಿಂತ್ರೂ ಅದರ ಟ್ಯಾಕ್ಸು, ಇನ್ಶೂರೆನ್ಸು ನಿಲ್ಲಂಗಿಲ್ಲ ಮಾಸ್ತರ. ಅವು ಓಡ್ಲಿಕ್ಕೇ ಹತ್ತ್ಯಾವ."

ಅಂಬುಬಾಯಿ ಒಳಗಿನಿಂದ, "ಮಾರಿಬಿಡ್ರಿ ಅಂದ್ರ ಕೇಳವಲ್ರು. ಅದೇ ಕಂಪನಿಯೋರು ಡ್ರೈವರ್ ಬೇಕು ಅನ್ನಾಕತ್ತಾರ. ತಿಂಗಳಾ ಪಗಾರ ಬರ್ತದ, ಟಾಯರ್ ಹರದ್ರ ಅವರ್ದು ಹರೀತದ," ಎಂದಳು.

ಅವನು ಕಿಸೆಯಿಂದ ಲಾರಿಯ ಕೀಲಿ ತೆಗೆದು ಅಂಗೈಯಲ್ಲಿಟ್ಟುಕೊಂಡ. "ಹದಿನಾಲ್ಕು ವರ್ಷ ಇಲ್ಲೇ ಅದ ಇದು. ರಾತ್ರಿ ಆದ್ಮ್ಯಾಲ ಇನ್ನೊಬ್ಬರ ಗ್ವಾಡಿ ಮ್ಯಾಲ ಹ್ಯಾಂಗ ತೂಗಹಾಕಿ ಬರ್ಲಿ?" ಎಂದ. ಕೀಲಿಯನ್ನು ಮತ್ತೆ ಕಿಸೆಗೆ ಹಾಕಿಕೊಂಡು, "ನಾಳಿ ತುಂಬಸ್ತೀನಿ," ಎಂದ. ನಾನು ಎದ್ದು ಬಂದೆ. ಬರುವಾಗ ಅವನ ಮುಖ ನೋಡಲಿಲ್ಲ.

ಮಂಗಳವಾರದ್ದನ್ನು ಧೂಳಮ್ಮ ಹೇಳಿದಂತೆ ಬರೆಯುತ್ತಿದ್ದೇನೆ. ಆಕೆ ಕೊಡಂಬಲದವಳು, ಅರವತ್ತು ದಾಟಿದೆ, ಗಿರಣಿಯಲ್ಲಿ ಹೊಟ್ಟು ಗುಡಿಸಿ ಚೀಲ ತುಂಬುವ ಕೆಲಸ. ಮುನೀಮ ಬಾಗಿಲಿಗೇ ಬಂದು, "ಬರ್ರಿ ಬರ್ರಿ ತುಳಜಾರಾಮಜಿ. ನಿಮ್ಮ ಅರ್ಜಿ ಜತನ ಮಾಡಿ ಇಟ್ಟೀನ್ರಿ," ಎಂದನಂತೆ. ಅವನು, "ಇರ್ಲಿ ಬಿಡ್ರಿ, ಗಾಡಿ ಹಚ್ಚಲಾ?" ಎಂದಷ್ಟೇ ಕೇಳಿದ. ಹಮಾಲರು ತುಂಬಿದರು. ಅಳತೆಯ ಎತ್ತರಕ್ಕೆ ಸರಿಯಾಗಿ ಚೀಲ ನಿಂತಿತು. ತಾಡಪತ್ರಿ ಹೊದಿಸಿ ಹಗ್ಗ ಬಿಗಿದ. ಗಾಡಿಯನ್ನು ತೂಕದ ಕಾಟಾದ ಕಡೆ ತಿರುಗಿಸಿದವನು ನಿಲ್ಲಿಸಿ ಕೆಳಗಿಳಿದ. ಗುಡಿಸಿಟ್ಟ ಚೀಲಗಳ ಹತ್ತಿರ ಬಂದು ಒಂದನ್ನು ಎತ್ತಿಕೊಂಡು ಹೋಗಿ ಕ್ಯಾಬಿನ್ನಿನಲ್ಲಿ, ಪಕ್ಕದ ಸೀಟಿನ ಮೇಲೆ ಇಟ್ಟ. ಇನ್ನೊಂದನ್ನು ಅದರ ಮೇಲೆ. ಸೀಟಿನ ಕೆಳಗೆ ಒಂದು, ಎಂಜಿನ್ನಿನ ಮೇಲೆ ಒಂದು. ಹೀಗೆ ಆರು. ಹಮಾಲರು ನೋಡುತ್ತ ನಿಂತಿದ್ದರಂತೆ. ಅವರಿಗೆ ನಗು ಬರಲಿಲ್ಲ.

ಏಳು ಚೀಲ ಹೊಟ್ಟು ಸಾಂಗ್ಲಿಗೆ ಒಯ್ದರೆ ಸಿಗುವ ಬಾಡಿಗೆ ಇನ್ನೂರು ಚಿಲ್ಲರೆ ರೂಪಾಯಿ.

ಮೂರು ಗಂಟೆಯ ಹೊತ್ತಿಗೆ ಏಳನೆಯದನ್ನು ಎತ್ತಲು ಬಾಗಿದಾಗ ಅವನ ಮುಖವೆಲ್ಲ ಬೆವರಿತ್ತು ಎನ್ನುತ್ತಾಳೆ ಧೂಳಮ್ಮ.

"ಸಾಕು ಬಿಡೋ ತಮ್ಮಾ, ಎಲ್ಲಿ ಹಾಕ್ತಿ ಇನ್ನ?"

"ಹಿಂದ ಮಲಗೋ ಜಾಗಾ ಖಾಲಿ ಅದ ಅಕ್ಕಾ."

"ಮತ್ತ ನೀ ಎಲ್ಲಿ ಮಲಗ್ತಿ?"

"ಸಾಂಗ್ಲಿತನಾ ಮಲಗೋದಿಲ್ಲ. ಹಿಡಿ, ಹಿಂದಿಂದು ಸ್ವಲ್ಪ ಎತ್ತು."

ಆಕೆ ಹಿಂದಿನಿಂದ ಕೈ ಕೊಟ್ಟಳು. ಅವನು ಚೀಲವನ್ನು ಹೆಗಲಿಗೇರಿಸಿಕೊಂಡು ಮೆಟ್ಟಿಲು ಹತ್ತಿದ. ಸೀಟಿನ ಮೇಲಿಂದ ಅದನ್ನು ಹಿಂದಕ್ಕೆ ದೂಡಿ, ತಾನು ಮಲಗುವ ಹಲಗೆಯ ಮೇಲೆ ಉದ್ದಕ್ಕೆ ಮಲಗಿಸಿದ. ಉಳಿದಷ್ಟು ಜಾಗದಲ್ಲಿ ಓರೆಯಾಗಿ ಕುಳಿತ. ಬಾಗಿಲು ಕೂಡಲಿಲ್ಲ, ಚೀಲದ ಮೂಲೆ ಅಡ್ಡ ಬಂದಿತ್ತು. ಭುಜ ಕೊಟ್ಟು ಚೀಲವನ್ನು ಒಳಗೆ ಒತ್ತಿ, ಎರಡೂ ಕೈಯಿಂದ ಬಾಗಿಲನ್ನು ಎಳೆದು ಹಾಕಿಕೊಂಡ.