ನೀರುಗಂಟಿಯ ಪಾಸ್‌ವರ್ಡು

ದರ್ಜಿ ಅಂಗಡಿಯ ಮುಂದೆ, ರಸ್ತೆಯ ಕಬ್ಬಿಣದ ಮುಚ್ಚಳದ ಕೆಳಗೆ, ಯಾರೂ ಮುಟ್ಟದೆ ವಾಲ್ವು ತಿರುಗಿತು. ಮೊದಲು ಗರ್ರ್ ಎಂಬ ಸಣ್ಣ ಸದ್ದು, ಆಮೇಲೆ ಪೈಪಿನೊಳಗೆ ನೀರು ನುಗ್ಗಿದ ಸದ್ದು. ನೀರುಗಂಟಿ ಕೈಯಲ್ಲಿದ್ದ ಫೋನು ನೋಡಿದ, ನೆಲ ನೋಡಿದ, ಮತ್ತೆ ಫೋನು ನೋಡಿದ.

“ತಿರುಗ್ತು! ತಿರುಗ್ತು ಕಣೋ!”

ಆ ಕೂಗಿಗೆ ಒಳಗೆ ಕೂತಿದ್ದ ದರ್ಜಿಯ ಹೊಲಿಗೆ ಸೊಟ್ಟಗೆ ಹೋಯಿತು. “ಏನಣ್ಣ, ಲಾಟರಿ ಗೀಟರಿ ಹೊಡೀತಾ?”

“ಲಾಟರಿ ಯಾವ ಮೂಲೆಗೆ! ಹೆಬ್ಬೆಟ್ಟಲ್ಲಿ ನೀರು ಬಿಟ್ಟೆ. ಇಲ್ಲಿ ಒತ್ತಿದೆ, ಅಲ್ಲಿ ತಿರುಗ್ತು!”

ನೀರುಗಂಟಿ ಎಂದರೆ ಬೀದಿ ಬೀದಿಗೂ ನೀರು ಬಿಡುವವನು. ಮೀಸೆ ಮೂಡುವ ಮೊದಲೇ ಪೈಪಿನ ಗುಂಡಿ ತೋಡಲು ಸೇರಿದವನು, ಮೀಸೆ ನರೆತರೂ ಪೈಪು ಬಿಟ್ಟಿರಲಿಲ್ಲ. ಎದೆಯೆತ್ತರದ ಕಬ್ಬಿಣದ ಕೀಲಿ ಹೆಗಲ ಮೇಲೆ ಹೊತ್ತು, ಒಂದೊಂದೇ ವಾಲ್ವಿನ ಹತ್ತಿರ ಹೋಗಿ, ಬಗ್ಗಿ ತಿರುಗಿಸಬೇಕು. ಹೆಗಲಲ್ಲಿ ದಡ್ಡುಗಟ್ಟಿತ್ತು. ಮಾತು ಕಡಿಮೆ. ಆದರೆ ಆಡಿದ್ದು ಮೂರು ಬೀದಿಗೆ ಕೇಳುತ್ತಿತ್ತು. ಪಂಪಿನ ಮನೆಯೊಳಗೆ ಮೋಟರು ಹಗಲಿಡೀ ಮೊರೆಯುತ್ತದೆ. ಅಲ್ಲಿ ಕೂಗದೆ ಮಾತಿಲ್ಲ. ಹಾಗೆ ಕೂಗಿ ಕೂಗಿ, ಹೊರಗೆ ಬಂದರೂ ಗಂಟಲು ಇಳಿಯುತ್ತಿರಲಿಲ್ಲ. ಪಾಳಿ ಹಂಚಿಕೊಂಡಿದ್ದ ಜೊತೆಗಾರ ಇನ್ನೂ ಒಂದು ಕೈ ಮೇಲು. ಅವನನ್ನು ಊರವರು ಗುಡುಗು ಅಂತಲೇ ಕರೆಯುತ್ತಿದ್ದರು.

ಊರಿಗೆಲ್ಲ ನೀರು ಬಿಟ್ಟವನಿಗೆ ಒಂದು ಮನೆಗೆ ಮಾತ್ರ ನೀರು ಮುಟ್ಟಿಸಲು ಆಗಿರಲಿಲ್ಲ. ಅದು ಅವನ ಅಕ್ಕನ ಮನೆ. ಅದಿದ್ದದ್ದು ಏರಿನ ತುದಿಯ ಮೇಲಿನ ಬೀದಿಯಲ್ಲಿ. ಟ್ಯಾಂಕಿನ ಎತ್ತರಕ್ಕೂ ಆ ಬೀದಿಗೂ ಹೆಚ್ಚು ಅಂತರವಿಲ್ಲ. ಕೆಳಗೆ ಒಂದೇ ಒಂದು ವಾಲ್ವು ತೆರೆದಿದ್ದರೂ ನೀರು ಅತ್ತ ಹತ್ತದು, ತಗ್ಗು ಕಂಡ ಕಡೆ ಓಡುತ್ತದೆ. ಇವನು ಕೀಲಿ ಹೊತ್ತು ಕೆಳಗಿನದೆಲ್ಲ ಮುಚ್ಚಿ ಮುಗಿಸುವಷ್ಟರಲ್ಲಿ ಟ್ಯಾಂಕು ಬರಿದು. ಅಲ್ಲಿ ನಲ್ಲಿಯಿತ್ತು, ನೀರಿರಲಿಲ್ಲ. ಟ್ಯಾಂಕರ್ ಬಂದ ದಿನ ಸಾಲು, ಬಾರದ ದಿನ ಇಳಿದು ಹತ್ತುವುದು. ಅವ್ವ ತೀರಿಕೊಂಡ ಮೇಲೆ ಇವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ ಅಕ್ಕ ಈಗಲೂ ಸೊಂಟದ ಮೇಲೆ ಕೊಡ ಇಟ್ಟು ಏರು ಹತ್ತುತ್ತಿದ್ದಳು.

“ನನ್ನ ತಮ್ಮ ಊರಿಗೇ ಗಂಗೆ. ನನ್ನ ಮನೆಗೆ ಬಂದ್ರೆ ಬರೀ ಗಾಳಿ,” ಎಂದು ಎಲ್ಲರೆದುರು ಅಣಕಿಸುವಳು. ಅವನು ನಗುವನು. ಒಳಗೆ ಮುಳ್ಳು ಮುರಿದ ಹಾಗೆ ಆಗುತ್ತಿತ್ತು.

ಅದಕ್ಕೇ ಆ ದಿನ ಅವನಿಗೆ ಅಷ್ಟು ಹಿಗ್ಗು. ವಾಲ್ವುಗಳಿಗೆ ಮೆಷಿನು ಕೂರಿಸಲು ಬಂದಿದ್ದ ಇಂಜಿನಿಯರಮ್ಮ ಹೇಳಿದ್ದಳು: “ಕೆಳಗಿನ ವಾಲ್ವೆಲ್ಲ ಒಂದೇ ಸಲ ಮುಚ್ಚಬಹುದು ಅಣ್ಣ. ಆದ್ರೆ ಇದು ಪರೀಕ್ಷೆ. ಶನಿವಾರದೊಳಗೆ ಮೇಲಿನ ಬೀದಿ ನಲ್ಲೀಲಿ ನೀರು ಕಾಣಬೇಕು. ಕಾಣ್ಲಿಲ್ಲ ಅಂದ್ರೆ ಮೆಷಿನು ಬಿಚ್ಚಿ ಬೇರೆ ಊರಿಗೆ ಕಳಿಸ್ತಾರೆ. ಆಮೇಲೆ ಆ ಬೀದಿಗೆ ಟ್ಯಾಂಕರ್ರೇ ಗತಿ.”

ಆ್ಯಪು ಊರಿನವರ ಫೋನಿನಲ್ಲೆಲ್ಲ ಇದ್ದದ್ದೇ. ನೀರು ಬಾರದಿದ್ದರೆ ದೂರು ಕೊಡಲು ಆಫೀಸಿನವರು ಮೊದಲೇ ಹಾಕಿಸಿದ್ದರು. ನೀರುಗಂಟಿಯ ಪಾಸ್‌ವರ್ಡು ಹಾಕಿದರೆ ಮಾತ್ರ ಅದರಲ್ಲಿ ವಾಲ್ವು ತಿರುಗಿಸಲು ಒತ್ತುವ ಗುಂಡಿಗಳು ಕಾಣುತ್ತವೆ.

“ನಿಮ್ಮಿಬ್ಬರಿಗೂ ಬೇರೆ ಬೇರೆ ಪಾಸ್‌ವರ್ಡು ಮಾಡ್ಕೊಳ್ಳಿ. ಯಾರಿಗೂ ಹೇಳ್ಬೇಡಿ,” ಎಂದು ಹೇಳಿ ಅವಳು ಹೊರಟಳು.

ಇವನು ಯೋಚಿಸಿದ. ಕಬ್ಬಿಣದ ಕೀಲಿ ಇದ್ದದ್ದೂ ಒಂದೇ. ಪಂಪಿನ ಮನೆಯ ಮೊಳೆಗೆ ನೇತು ಹಾಕುವುದು, ಪಾಳಿಗೆ ಬಂದವನು ತೆಗೆದುಕೊಳ್ಳುವುದು. ಇಷ್ಟು ವರ್ಷ ಅದರಿಂದ ಏನೂ ಕೆಟ್ಟಿರಲಿಲ್ಲ. ಇದಕ್ಕೆ ಎರಡು ಯಾಕೆ? ಒಂದನ್ನೇ ಇಟ್ಟ. ಸಂಜೆ ಗುಡುಗು ಪಾಳಿಗೆ ಬಂದು ಮೋಟರಿನ ಪಕ್ಕ ನಿಂತಿದ್ದ, ಇವನು ಗೇಟಿನಾಚೆ ಮನೆಗೆ ಹೊರಟಿದ್ದ.

“ಏನು ಇಟ್ಟಿದ್ದೀಯೋ?” ಗುಡುಗು ಒಳಗಿಂದ ಕೂಗಿದ.

“ನೀರು! ನೀರು ಅಂತ! ಆಮೇಲೆ ಒಂದು, ಎರಡು, ಮೂರು!”

“ಅಷ್ಟೇನಾ?”

“ಅಷ್ಟೇ! ಯಾರಿಗೂ ಹೇಳ್ಬಾರ್ದಂತೆ!”

ಗೇಟಿನ ಎದುರಿಗೇ ಬಸ್ಸು ನಿಲ್ಲುವ ಜಾಗ. ಅದರ ಪಕ್ಕ ದರ್ಜಿ ಅಂಗಡಿ. ಇಬ್ಬರೂ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅವರ ಲೆಕ್ಕದಲ್ಲಿ ಅದು ಪಿಸುಮಾತು.

ನೀರುಗಂಟಿ ಅಲ್ಲಿಂದ ನೆಟ್ಟಗೆ ಅಕ್ಕನ ಮನೆಗೆ ಓಡಿದ. ಓಡಿದ ಅಂದರೆ ನಿಜವಾಗಿ ಓಡಿದ. ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಫೋನು ತೋರಿಸಿದ. ಅಕ್ಕ ಕನ್ನಡಕ ಏರಿಸಿದಳು.

“ಇದು ಬರೋ ಮೊದ್ಲು ಏನೇನೋ ಕೇಳ್ತು ಅಕ್ಕ. ನಿನ್ನ ಫೋಟೋ ನೋಡ್ಲಾ, ಮಾತು ಕೇಳಿಸ್ಕೊಳ್ಲಾ, ನಂಬರೆಲ್ಲ ತಗೊಳ್ಲಾ ಅಂತ.”

“ನೀನೇನಂದೆ?”

“ಎಲ್ಲದಕ್ಕೂ ಸರಿ ಅಂತ ಒತ್ತಿದೆ.”

“ನೀರು ಬಿಡೋಕೆ ನಿನ್ನ ಫೋಟೋ ಯಾಕೋ ಅದಕ್ಕೆ? ಬಾಗಿಲಿಗೆ ಬಂದೋನು ನಿಮ್ಮ ಪೆಟ್ಟಿಗೆ ತೆಗೆದು ನೋಡ್ಲಾ ಅಂದ್ರೆ ಹೂಂ ಅಂತೀಯಾ? ದಡ್ಡ.”

“ಅಮ್ಮಾವ್ರನ್ನ ಕೇಳ್ತೀನಿ ಬಿಡು. ನೀನು ಕೊಡ ತೊಳೆದಿಡು. ಬೆಳಗ್ಗೆ ನೀರು ಬರುತ್ತೆ.”

“ಬಂದಾಗ ನೋಡೋಣ,” ಎಂದಳು ಅಕ್ಕ. ಆದರೂ ಇವನು ಮೆಟ್ಟಿಲು ಇಳಿಯುವಾಗ ಕೊಡ ತಿಕ್ಕುವ ಸದ್ದು ಕೇಳಿಸಿತು.

ಬೆಳಗ್ಗೆ ಇವನು ಕೆಳಗಿನ ವಾಲ್ವುಗಳನ್ನೆಲ್ಲ ಒಂದೇ ಒತ್ತಿಗೆ ಮುಚ್ಚಿ, ಮೇಲಿನದನ್ನು ತೆರೆದು, ಅಕ್ಕನ ಮನೆಗೆ ಹೋಗಿ ನಲ್ಲಿ ತಿರುಗಿಸಿದ. ಸುಯ್ ಎಂದು ಗಾಳಿ ಬಂತು. ಕೆಮ್ಮಿದ ಹಾಗೆ ಎರಡು ಹನಿ. ನಿಂತಿತು.

ಅಕ್ಕ ಅಣಕಿಸಿದ್ದರೆ ಚೆನ್ನಾಗಿತ್ತು. ಸುಮ್ಮನೆ ಕೊಡ ಎತ್ತಿಕೊಂಡು ಏರು ಇಳಿದಳು.

ಮರುದಿನವೂ ಅದೇ ಕತೆ. ಪಂಪಿನ ಮನೆಗೆ ಬಂದು ಫೋನು ತೆರೆದು ನೋಡಿದರೆ ತಾನು ಮುಚ್ಚಿದ ವಾಲ್ವುಗಳಲ್ಲಿ ಎರಡು ಹಸಿರಾಗಿವೆ, ಅಂದರೆ ತೆರೆದಿವೆ. ಯಾರು ತೆರೆದದ್ದು? ಪಕ್ಕದಲ್ಲೇ ಬರೆದಿತ್ತು: ನೀರುಗಂಟಿ. ತಾನಂತೂ ತೆರೆದಿಲ್ಲ. ಹಾಗಾದರೆ ಇನ್ನು ಯಾರು? ಕೈಗೆ ಬಂದ ತುತ್ತು ಬಾಯಿಗೆ ಬಾರದ ಹಾಗೆ ಮಾಡಿದವನು ಎದುರಿಗೇ ಬೀಡಿ ಹಚ್ಚುತ್ತ ಕೂತಿದ್ದ.

“ಯಾಕೋ ಹಿಂಗ್ ಮಾಡ್ದೆ?” ಎಂದ ನೀರುಗಂಟಿ. “ನಮ್ಮಕ್ಕ ನಿನಗೇನು ಮಾಡಿದ್ಳು? ನಿನಗೂ ಅನ್ನ ಇಕ್ಕಿದೋಳಲ್ವಾ?”

“ನಾನಾ?” ಗುಡುಗು ಎದ್ದು ನಿಂತ. “ನಾನು ಮುಟ್ಟಿದ್ರೆ ಕೇಳು! ನೀನೇ ತೆಗೆದು ನನ್ನ ತಲೆಗೆ ಕಟ್ತಿದ್ದೀಯ. ನೋಡು, ನಿನ್ನ ಹೆಸ್ರೇ ಇದೆ!”

“ಅದು ನಿನ್ನ ಹೆಸ್ರೂ ಹೌದಲ್ಲೋ!”

ಜೊತೆಯಲ್ಲಿ ಗುಂಡಿ ತೋಡಿದವರು, ಒಂದೇ ಬುತ್ತಿ ಹಂಚಿ ತಿಂದವರು, ಅವತ್ತು ಕೊರಳಪಟ್ಟಿ ಹಿಡಿಯುವ ಮಟ್ಟಕ್ಕೆ ಬಂದರು. ಗದ್ದಲ ಕೇಳಿ ದರ್ಜಿ ಟೇಪು ಕೊರಳಲ್ಲಿ ಹಾಕಿಕೊಂಡೇ ಓಡಿಬಂದ.

“ಅಯ್ಯೋ, ಬಿಡ್ರಣ್ಣ! ಅದಕ್ಕೆ ಯಾಕೆ ಹೊಡೆದಾಟ? ನಾನು ಸ್ವಲ್ಪ ತೆಗೆದಿದ್ದೆ ಅಷ್ಟೇ. ಮನೇಲಿ ತೊಟ್ಟಿ ಖಾಲಿಯಾಗಿತ್ತು.”

ಇಬ್ಬರ ಕೈಯೂ ಗಾಳಿಯಲ್ಲೇ ನಿಂತಿತು.

“ನೀನು ತೆಗೆದ್ಯಾ? ಹೆಂಗೆ?”

“ನೀರು, ಒಂದು, ಎರಡು, ಮೂರು,” ಎಂದ ದರ್ಜಿ, ಪಾಠ ಒಪ್ಪಿಸಿದ ಹಾಗೆ. “ನೀನೇ ಹೇಳ್ದೆಯಲ್ಲಣ್ಣ, ಬಸ್ಸಿಗೆ ನಿಂತೋರಿಗೆಲ್ಲ ಕೇಳೋ ಹಂಗೆ. ಕೊನೇ ಬೀದಿ ಚಮ್ಮಾರನಿಗೂ ಗೊತ್ತು. ಕ್ಷೌರದ ಅಂಗಡೀಲಿ ಎಲ್ಲರ ಬಾಯಲ್ಲೂ ಅದೇ. ನಾವೆಲ್ಲ ಅಂದ್ಕೊಂಡ್ವಿ, ಪಾಪ, ಊರಿಗೆ ಉಪಕಾರ ಮಾಡ್ತಿದ್ದಾನೆ ಅಂತ.”

ನೀರುಗಂಟಿ ಪಂಪಿನ ಮನೆಯ ಕಟ್ಟೆಯ ಮೇಲೆ ಕುಸಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗುಡುಗು ಅವನ ಮುಖ ನೋಡಿದ. ಮೊದಲು ಮೂಗಿನಲ್ಲಿ ನಕ್ಕ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ನೀರುಗಂಟಿಗೂ ತಡೆಯಲಾಗಲಿಲ್ಲ. ನಗುತ್ತಲೇ ಇಂಜಿನಿಯರಮ್ಮನಿಗೆ ಫೋನು ಮಾಡಿದ, ನಡೆದದ್ದನ್ನು ಒಂದೂ ಬಿಡದೆ ಹೇಳಿದ.

“ತಪ್ಪು ನಂದೂ ಇದೆ ಅಣ್ಣ,” ಎಂದಳು ಅವಳು. “ಯಾಕೆ ಎರಡು ಬೇಕು ಅಂತ ಬಿಡಿಸಿ ಹೇಳ್ದೆ ಓಡಿಬಂದೆ. ಒಂದೇ ಇದ್ರೆ ಯಾರು ಮಾಡಿದ್ದು ಅಂತ ಗೊತ್ತಾಗಲ್ಲ. ನೀವಿಬ್ರೂ ಕಚ್ಚಾಡಿದ್ದು ಅದಕ್ಕೇ. ಈಗಲೇ ಬೇರೆ ಬೇರೆ ಮಾಡಿ. ಬರಿ ‘ನೀರು’ ಅಂತ ಇಡ್ಬೇಡಿ, ಯಾರೂ ಊಹಿಸದಂಥದ್ದು ಇಡಿ.”

“ಇನ್ನೊಂದು, ಅಮ್ಮಾ. ನೀರು ಬಿಡೋಕೆ ಫೋಟೋ ಯಾಕೆ ಅಂತ ನಮ್ಮಕ್ಕ ಕೇಳ್ತಾಳೆ.”

“ಒಡೆದ ಪೈಪಿನ ಫೋಟೋ ಕಳಿಸೋಕೆ ಅಂತ ಇಟ್ಟಿದ್ದು. ಮಾತು, ನಂಬರು, ಅವು ಬೇಕಿಲ್ಲ. ನಿಮ್ಮಕ್ಕ ಹೇಳಿದ್ದು ಸರಿ. ತೆಗೆಸ್ತೀನಿ.”

ದರ್ಜಿ ಹೋಗದೆ ಅಲ್ಲೇ ನಿಂತಿದ್ದ. “ಅಣ್ಣ, ನಿಮಗಿಬ್ಬರಿಗೆ ಒಂದೊಂದು ಸರಿ. ಆದ್ರೆ ಬೀದಿಗೆ ಅಂತ ಒಂದು ಇರ್ಲಿ. ಕಷ್ಟಕಾಲಕ್ಕೆ. ನನ್ನತ್ರ ಭದ್ರವಾಗಿ ಇರುತ್ತೆ, ದೇವರಾಣೆ.”

“ನಿನ್ನತ್ರ ಇದ್ರೆ ಚಮ್ಮಾರ ತನಗೂ ಬೇಕು ಅಂತಾನೆ. ಅವನಿಗೆ ಕೊಟ್ರೆ ಕ್ಷೌರದೋನು. ಹಿಂದಿನ ಬಾಗಿಲು ಅಂತ ಒಂದು ಇಟ್ಮೇಲೆ ಅದು ಯಾರಿಗೆ ತೆರೆಯುತ್ತೆ, ಯಾರಿಗೆ ತೆರೆಯಲ್ಲ ಅಂತ ಬಾಗಿಲಿಗೆ ಗೊತ್ತಾಗುತ್ತೇನೋ?” ಎಂದ ನೀರುಗಂಟಿ. ಅಷ್ಟು ಉದ್ದದ ಮಾತು ಅವನ ಬಾಯಿಂದ ಅಪರೂಪ. “ಕಷ್ಟ ಬಂದ್ರೆ ನನ್ನ ಕೂಗು. ನನಗೆ ಕೂಗು ಕೇಳುತ್ತೆ.”

ದರ್ಜಿ ಗೊಣಗುತ್ತ ಹೋದ. ನೀರುಗಂಟಿ ಹಳೆಯದನ್ನು ಅಳಿಸಿ ತನಗೊಂದು ಹೊಸದು ಇಟ್ಟ. ಗುಡುಗು ಫೋನು ಹಿಡಿದು ಮೂಲೆ ಸೇರಿ, ಗೋಡೆಗೆ ಮುಖ ಮಾಡಿ, ತನ್ನದನ್ನು ಮಾಡಿಕೊಂಡ.

“ಏನಿಟ್ಟೆ?” ಎಂದು ನೀರುಗಂಟಿ ಕೇಳಿಬಿಟ್ಟ, ಅಭ್ಯಾಸಬಲ.

“ಹೇಳಲ್ಲ!” ಎಂದು ಗುಡುಗಿದ ಗುಡುಗು. ಬಸ್ಸಿಗೆ ನಿಂತವರೆಲ್ಲ ತಿರುಗಿ ನೋಡಿದರು.

ಶನಿವಾರ ಬೆಳಗ್ಗೆ ಮೇಲಿನ ಬೀದಿಯೆಲ್ಲ ಹೊರಗೆ. ಹೆಂಗಸರು ಮಕ್ಕಳು ಕೊಡ, ಬಕೆಟ್ಟು, ಪಾತ್ರೆ ಹಿಡಿದು ತಂತಮ್ಮ ನಲ್ಲಿಯ ಮುಂದೆ. ಇಂಜಿನಿಯರಮ್ಮ ಅಕ್ಕನ ಮನೆಯ ಬಾಗಿಲಲ್ಲಿ. ನೀರುಗಂಟಿ ಒತ್ತಿದ. ಫೋನಿನಲ್ಲಿ ಒಂದೊಂದಾಗಿ ವಾಲ್ವುಗಳು ಕೆಂಪಾದವು. ಕೆಂಪಾಗಿಯೇ ಉಳಿದವು. ಮೇಲಿನದೊಂದು ಹಸಿರಾಯಿತು.

ಅಕ್ಕ ನಲ್ಲಿ ತಿರುಗಿಸಿದಳು. ಸುಯ್ ಎಂದಿತು. ಇಡೀ ಬೀದಿ ಉಸಿರು ಹಿಡಿಯಿತು. ನಲ್ಲಿ ಕೆಮ್ಮಿತು, ತುಕ್ಕಿನ ಬಣ್ಣದ ನೀರು ಉಗಿಯಿತು, ಮತ್ತೆ ಕೆಮ್ಮಿತು, ಆಮೇಲೆ ಧೋ ಎಂದು ಸುರಿಯಿತು. ಕೆಂಪು, ಕಂದು, ಕೊನೆಗೆ ತಿಳಿ.

“ಬಂತು! ಅಕ್ಕ, ಬಂತು ಕಣೇ!”

ಮನೆಮನೆಯಿಂದ ಅದೇ ಕೂಗು. ಯಾರೋ ತಟ್ಟೆ ಬಡಿದರು. ಒಬ್ಬ ಮುದುಕ ನಲ್ಲಿಯ ಕೆಳಗೆ ತಲೆಯೊಡ್ಡಿ ಅಂಗಿ ಸಮೇತ ನೆನೆದ. ಗುಡುಗು ಕೆಳಗಿನಿಂದ, ಫೋನಿಲ್ಲದೆಯೇ, “ಬಂತೇನೋ?” ಎಂದು ಕೇಳಿದ್ದು ಇಲ್ಲಿಗೆ ಕೇಳಿಸಿತು. ಇಂಜಿನಿಯರಮ್ಮ ನಗುತ್ತ, “ಮೆಷಿನು ಇಲ್ಲೇ ಇರುತ್ತೆ ಅಣ್ಣ,” ಎಂದಳು. ನೀರುಗಂಟಿಯ ಕಾಲು ನೆಲದ ಮೇಲಿರಲಿಲ್ಲ.

ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಕೊಡಕ್ಕೆ ಬೀಳುತ್ತಿದ್ದ ನೀರನ್ನು ಕೈಯಾರೆ ಮುಟ್ಟಿ ನೋಡಿದಳು. ಆಮೇಲೆ ತಮ್ಮನ ತೋಳು ಹಿಡಿದು ಗೋಡೆಯ ಮರೆಗೆ ಎಳೆದಳು.

“ಅಲ್ವೋ, ಅದೇನೋ ಪಾಸ್‌ವರ್ಡು ಅಂತಾರಲ್ಲ. ನನ್ನ ಕಿವೀಲಿ ಹೇಳು. ನಾಳೆ ಹಾಸಿಗೆ ಬಟ್ಟೆ ಎಲ್ಲ ಒಗೀಬೇಕು.”

ನೀರುಗಂಟಿಗೆ ಬೆವರು ಕಿತ್ತಿತು. ದರ್ಜಿಗೆ ಇಲ್ಲ ಅನ್ನುವುದು ಸುಲಭ. ಇವಳು ತನ್ನ ಬಾಯಿಗೆ ತುತ್ತಿಟ್ಟು ಬೆಳೆಸಿದವಳು. ಇವಳಿಗಾಗಿಯೇ ಇಷ್ಟೆಲ್ಲ. ತಲೆ ತಗ್ಗಿಸಿದ, ಕೆರೆದುಕೊಂಡ. ಬದುಕಿನಲ್ಲಿ ಮೊದಲ ಸಲ ಅವನ ದನಿ ನಿಜವಾಗಿ ಸಣ್ಣಗಾಯಿತು.

“ಅಕ್ಕ, ಬಟ್ಟೆ ಬೇಕಾದ್ರೆ ನಾನೇ ಬಂದು ಒಗೆದು ಕೊಡ್ತೀನಿ. ಅದೊಂದು ಕೇಳ್ಬೇಡ.”

“ನನಗೂ ಇಲ್ವಾ?”

“ನಿನಗೂ ಇಲ್ಲ.”

ಅಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಮುಖ ಬಿಗಿಯಿತು. ಈಗ ಬಿತ್ತು ಬೈಗುಳ ಎಂದು ಅವನು ಕಣ್ಣು ಮುಚ್ಚಿದ. ಬಿದ್ದದ್ದು ಬೆನ್ನಿನ ಮೇಲೆ ಒಂದು ಒದ್ದೆ ಕೈಯ ಏಟು. ಅವಳು ಬೀದಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಕೇಳ್ರೇ ಎಲ್ರೂ! ನನ್ನ ತಮ್ಮ ನನಗೇ ಹೇಳಲ್ವಂತೆ! ನಿಮಗಂತೂ ಮೊದ್ಲೇ ಹೇಳಲ್ಲ. ಯಾರಾದ್ರೂ ಕೇಳ್ಕೊಂಡು ಅವನ ಹಿಂದೆ ಬಿದ್ರೆ ನನ್ನತ್ರ ಬನ್ನಿ, ನಾನು ಮಾತಾಡ್ತೀನಿ!”

ಬೀದಿ ಘೊಳ್ಳೆಂದಿತು. ಅಷ್ಟರಲ್ಲಿ ಕೊಡ ತುಂಬಿ, ನೀರು ಹೊಸ್ತಿಲು ದಾಟಿ ಮೆಟ್ಟಿಲ ಮೇಲೆ ಹರಿಯುತ್ತಿತ್ತು. “ಅಯ್ಯೋ ನನ್ನ ನೀರು!” ಎಂದು ಅಕ್ಕ ಒಳಗೆ ಓಡಿದಳು. ತುಂಬಿ ಹರಿಯುತ್ತಿದ್ದ ನಲ್ಲಿಯನ್ನು ಆ ಮನೆಯಲ್ಲಿ ಅವಳು ಮುಚ್ಚಿದ್ದು ಅದೇ ಮೊದಲು.