ಗ್ಲಿಸರಿನ್ ಲೆಕ್ಕ ಮತ್ತು ಎರಡು ವಡೆ

ಕಾಲವನ್ನು ತಡೆದು ನಿಲ್ಲಿಸಬೇಕೆಂಬುದು ಮನುಷ್ಯನ ಪುರಾತನ ಹಂಬಲ. ನಮ್ಮ ಬಂಗಾರಪೇಟೆಯ ಪಶು ಕೇಂದ್ರ ಆ ಮಹತ್ಕಾರ್ಯವನ್ನು ಹೋರಿಯ ವೀರ್ಯದಿಂದ ಆರಂಭಿಸಿತು.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅಲ್ಲಿಯವರೆಗೆ ವೀರ್ಯವನ್ನು ಫ್ಲಾಸ್ಕಿನಲ್ಲಿ ತಂಪಾಗಿಟ್ಟು ಬಸ್ಸಿನಲ್ಲಿ ಊರೂರಿಗೆ ಕಳಿಸುತ್ತಿದ್ದೆವು. ಎರಡು ಮೂರು ದಿನಕ್ಕೆ ಕೆಡುತ್ತಿತ್ತು. ಹೆಪ್ಪುಗಟ್ಟಿಸಿಟ್ಟರೆ ವರ್ಷಗಟ್ಟಲೆ ಉಳಿಯುತ್ತದೆಂದು ಸುದ್ದಿ ಬಂತು. ಅದಕ್ಕೊಂದು ಹೊಸ ಕೊಠಡಿ ಮಂಜೂರಾಗುವುದಿತ್ತು. ಅದರ ಉಸ್ತುವಾರಿ ನನಗೆ ಬೇಕಿತ್ತು. ನನ್ನ ಸಾಹೇಬರಿಗೂ ಬೇಕಿತ್ತು.

ತೊಡಕಿದ್ದದ್ದು ಉಪ್ಪಿನಲ್ಲಿ. ದ್ರಾವಣ ಹೆಪ್ಪುಗಟ್ಟುವಾಗ ನೀರು ಮಾತ್ರ ಮಂಜುಗಡ್ಡೆಯಾಗಿ ಬೇರೆಯಾಗುತ್ತದೆ; ಉಳಿದ ದ್ರವದಲ್ಲಿ ಉಪ್ಪು ಏರುತ್ತಾ ಹೋಗಿ ಜೀವಕೋಶವನ್ನು ಕೊಲ್ಲುತ್ತದೆ. ಗ್ಲಿಸರಿನ್ ಬೆರೆಸಿದರೆ ನೀರು ಅಷ್ಟು ಸುಲಭಕ್ಕೆ ಗಡ್ಡೆಯಾಗುವುದಿಲ್ಲ. ಎಷ್ಟು ಬೆರೆಸಬೇಕು? ಸಾಹೇಬರೂ ನಾನೂ ಒಂದೇ ಕಾಲೇಜಿನವರು, ಆದರೆ ಅವರು ಮೊದಲ ವರ್ಷದ ಸೂತ್ರದಲ್ಲೇ ನೆಲೆನಿಂತಿದ್ದರು: ಮೊದಲ ಚಮಚ ಎಷ್ಟು ಕೆಲಸ ಮಾಡುತ್ತದೋ ಹತ್ತನೆಯದೂ ಅಷ್ಟೇ. ಅದು ತೆಳು ದ್ರಾವಣದ ನ್ಯಾಯ. ದ್ರಾವಣ ಮಂದವಾದಂತೆ ಗ್ಲಿಸರಿನ್ ತನ್ನ ಪಾಲಿಗಿಂತ ಹೆಚ್ಚು ದುಡಿಯುತ್ತದೆ. ಆದ್ದರಿಂದ ಕಡಿಮೆ ಸಾಕು, ಹೆಚ್ಚಾದರೆ ಅದೇ ವಿಷ. ಇದನ್ನೆಲ್ಲ ಒಂದು ಹಾಳೆಯಲ್ಲಿ ಲೆಕ್ಕ ಹಾಕಿ ಅವರ ಮೇಜಿನ ಮೇಲಿಟ್ಟೆ.

ಸಾಹೇಬರು ಸ್ಟೇಷನ್ನಿನಿಂದ ತರಿಸಿದ ವಡೆ ತಿನ್ನುತ್ತಿದ್ದರು. ಹಾಳೆಯನ್ನು ಪೂರ್ತಿ ಓದಿದರು. ಆಮೇಲೆ ಎರಡು ವಡೆಯನ್ನು ಅದರ ಮೇಲೆ ಒತ್ತಿ ಎಣ್ಣೆ ಇಳಿಸಿದರು.

“ಒಳ್ಳೇ ಪೇಪರ್ ಕಣಯ್ಯಾ, ಚೆನ್ನಾಗಿ ಹೀರುತ್ತೆ. ಇನ್ಮೇಲೆ ಕೇಳಿದಾಗ ಮಾತ್ರ ಬಾಯಿ ಬಿಡು.”

ಹೋರಿ ನೋಡಿಕೊಳ್ಳುವ ಮುದುಕ ಬಾಗಿಲಲ್ಲಿ ಕಿಸಕ್ಕನೆ ನಕ್ಕ. ನಾನು ಆ ಅಪ್ಪಣೆಯನ್ನು ಶಿರಸಾವಹಿಸಿದೆ. ಸರ್ಕಾರಿ ಆದೇಶವನ್ನು ಅಷ್ಟು ನಿಷ್ಠೆಯಿಂದ ಬೇರಾರೂ ಪಾಲಿಸಿರಲಾರರು.

ಕೊಠಡಿ ಮಂಜೂರು ಮಾಡುವ ಮೊದಲು ಬೆಂಗಳೂರಿನ ಮೇಲಧಿಕಾರಿಗಳು ಬಂದು ನಮ್ಮ ಪ್ರಯೋಗ ನೋಡುವ ದಿನ ಗೊತ್ತಾಯಿತು. ಹಿಂದಿನ ದಿನ, ವೀರ್ಯ ಹೆಪ್ಪುಗಟ್ಟಿಸಲು ಬೇಕಾದ ಒಣ ಮಂಜುಗಡ್ಡೆ ಮರದ ಹೊಟ್ಟು ತುಂಬಿದ ಪೆಟ್ಟಿಗೆಯಲ್ಲಿ ರೈಲಿಳಿಯಿತು. ಗ್ಲಿಸರಿನ್ ರಾಬರ್ಟ್‌ಸನ್‌ಪೇಟೆಯ ಔಷಧಿ ಅಂಗಡಿಯಿಂದ ಬಂತು. ಸಾಹೇಬರು ಅದನ್ನು ವೀರ್ಯದ ದ್ರಾವಣಕ್ಕೆ, ಪಾಯಸಕ್ಕೆ ತುಪ್ಪ ಸುರಿದಂತೆ ಸುರಿದರು.

“ಏನ್ ಸಾಮಿ, ಇಷ್ಟೊಂದ್ ಉಯ್ತಾವ್ರೆ? ನೀವ್ ಕಮ್ಮಿ ಸಾಕು ಅಂದಿದ್ರಲ್ಲ, ಏಳ್ಬಾರ್ದಾ?” ಎಂದು ಮುದುಕ ನನ್ನ ಕಿವಿಯಲ್ಲಿ ಪಿಸುಗುಟ್ಟಿದ.

“ಅವರು ಕೇಳ್ಲಿಲ್ವಲ್ಲ ತಾತ.”

“ಅಯ್ಯೋ, ವಡೆ ತಿಂದೋರು ಅವ್ರು, ಒಟ್ಟೆ ಉರಿ ನಿಮ್ಗೆ!”

ಮರುದಿನ ಅತಿಥಿಗಳ ಎದುರು ಸಾಹೇಬರು ಕೇಳಿಯೂ ಕೇಳಿದರು: “ಎಲ್ಲಾ ಸರಿಯಾಗಿದೆ ತಾನೇ?”

“ತಮ್ಮ ಲೆಕ್ಕದ ಪ್ರಕಾರವೇ ಇದೆ ಸಾರ್,” ಎಂದೆ. ಈ ವಾಕ್ಯವನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದೆ.

ಕರಗಿಸಿದ ಹನಿಯೊಂದನ್ನು ಸೂಕ್ಷ್ಮದರ್ಶಕದಡಿ ಇಟ್ಟರು. ಹಿರಿಯ ಅಧಿಕಾರಿ ಬಗ್ಗಿ ನೋಡಿದರು, ಕನ್ನಡಕ ಒರೆಸಿದರು, ಮತ್ತೆ ನೋಡಿದರು.

“ಏನ್ರೀ, ಒಂದೂ ಅಲುಗ್ತಿಲ್ಲ?”

“ಚಳಿಗೆ ಮುದುಡ್ಕೊಂಡವೆ ಸಾಮಿ,” ಎಂದ ಮುದುಕ, ಸಾಹೇಬರ ಮಾನ ಉಳಿಸಲು.

ಸಾಹೇಬರು ನನ್ನತ್ತ ತಿರುಗಿದರು. ನಾನು ವಿನಯದಿಂದ ಪ್ರಶ್ನೆಗಾಗಿ ಕಾದೆ. ಬರಲಿಲ್ಲ. ಆ ಮುಖವನ್ನು ಇಂದಿಗೂ ಸಪ್ಪೆ ಊಟದ ದಿನ ನೆನೆದು ಉಪ್ಪಿನಕಾಯಿಯಂತೆ ನಂಜಿಕೊಳ್ಳುತ್ತೇನೆ.

ಕೊಠಡಿ ಬೆಂಗಳೂರಿಗೆ ಮಂಜೂರಾಯಿತು. ಉಸ್ತುವಾರಿ ಅಲ್ಲಿಯವರಿಗೇ ಹೋಯಿತು.