ಅತ್ತೆಯ ಹಳೆ ಸೀರೆ ಮತ್ತು ಹೊಗೆ ಹಿಡಿಯುವ ಗುಂಡುಗಳು

ಇಂದು ಬೆಳಿಗ್ಗೆ ಲ್ಯಾಬಿನ ಸಿಂಕಿನಲ್ಲಿ ಅತ್ತೆಯ ಹಳೆ ಸೀರೆಯ ತುಂಡನ್ನು ಹಿಂಡುತ್ತಿದ್ದೆ. ಪರ್ರೆಂದು ಹರಿಯಿತು. ಲ್ಯಾಬಿನಲ್ಲಿ ಸೀರೆಗೇನು ಕೆಲಸ ಎಂದು ನೀವು ಕೇಳಿದರೆ ತಪ್ಪಿಲ್ಲ. ನನ್ನ ಗೈಡೂ ಕೇಳಿದ್ದರು.

ನನ್ನ ಕೆಲಸ ಮಣ್ಣಿನ ಗುಂಡು ಮಾಡುವುದು. ಹಾಗೆಂದರೆ ಜನ ನಗುತ್ತಾರೆಂದು ಸಂಶೋಧನೆ ಎನ್ನುತ್ತೇನೆ. ಕಡಲೆಕಾಳಿನಷ್ಟು ಗುಂಡನ್ನು ಒಣಗಿಸಿ ಸುಟ್ಟು, ರಾಸಾಯನಿಕದಲ್ಲಿ ನೆನೆಸಿದರೆ ಅದು ಕಾರ್ಖಾನೆಯ ಹೊಗೆಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹಿಡಿದುಕೊಳ್ಳುತ್ತದೆ. ಕಾಯಿಸಿದರೆ ಬಿಡುತ್ತದೆ, ಬಿಟ್ಟದ್ದನ್ನು ನಾವು ಬೇರೆಡೆ ತುಂಬಿಡುತ್ತೇವೆ. ಮತ್ತೆ ಹಿಡಿಯಬೇಕು, ಮತ್ತೆ ಬಿಡಬೇಕು, ಹೀಗೆ ಸಾವಿರಾರು ಸಲ. ನನ್ನವು ಹತ್ತನೆಯ ಸಲಕ್ಕೇ ಸೀಳಿ ಪುಡಿಯಾಗುತ್ತಿದ್ದವು. "ಬ್ಯಾಸಗಿ ರಜಾ ಮುಗಿಯೂದ್ರಾಗ ಗಟ್ಟಿ ಗುಂಡು ತೋರ್ಸು, ಇಲ್ಲಂದ್ರ ಬ್ಯಾರೆ ವಿಷಯ ಹುಡುಕು" ಎಂದರು ಗೈಡ್. ನಾಲ್ಕು ವರ್ಷದ ಕೆಲಸ. ಎಲ್ಲ ನೀರಿಗೆ ಹೋಗುವುದರಲ್ಲಿತ್ತು.

ಅದೇ ಹೊತ್ತಿಗೆ ಲ್ಯಾಬಿನ ಒಣಗಿಸುವ ಯಂತ್ರ ಕೆಟ್ಟಿತು. ಜೇವರ್ಗಿ ಸೀಮೆಯ ಬಿಸಿಲಿಗಿಂತ ಒಳ್ಳೆಯ ಯಂತ್ರ ಯಾವುದು ಎಂದುಕೊಂಡು, ಮಣ್ಣು ಕಟ್ಟಿಕೊಂಡು ನೆಲೋಗಿಯ ಬಸ್ಸು ಹತ್ತಿದೆ. ಅಲ್ಲಿ ನನ್ನ ಸೋದರತ್ತೆಯ ಮನೆ. ಊರಿನ ಅರ್ಧ ಮಣ್ಣಿನ ಒಲೆಗಳು ಆಕೆಯ ಕೈಯವೇ. ಮನೆಗೆ ಗ್ಯಾಸು ಬಂದರೂ ರೊಟ್ಟಿಗೆ ಒಲೆಯೇ ಬೇಕೆನ್ನುವವರು ಇಂದಿಗೂ ಆಕೆಯನ್ನೇ ಕರೆಯುತ್ತಾರೆ. ಆದರೆ ಪಿಎಚ್.ಡಿ. ಮಾಡುವವನು ಒಲೆ ಹಾಕುವವಳನ್ನು ಕೇಳುವುದುಂಟೇ?

ಎರಡು ತಟ್ಟೆ ಗುಂಡು ಉರುಳಿಸಿ, ಮಾಳಿಗೆಯ ಮೇಲೆ ಬಿಸಿಲಿಗಿಟ್ಟು, ಉಂಡು ಮಲಗಿದೆ. ಎದ್ದು ನೋಡಿದರೆ ಮೇಲೆ ಒಂದೇ ತಟ್ಟೆ. ಇನ್ನೊಂದು ಪಡಸಾಲೆಯ ಮೂಲೆಯಲ್ಲಿ ಒದ್ದೆ ಸೀರೆ ಹೊದ್ದುಕೊಂಡಿತ್ತು.

"ಅತ್ತೀ, ಏನ್ ಮಾಡಿದಿ? ನನ್ನ ಪ್ರಯೋಗ ಹಾಳಾತು!"

"ಚೀರಬ್ಯಾಡೋ ತಮ್ಮಾ. ಹಸಿ ಒಲಿ ಯಾರರೆ ಬಿಸಲಿಗೆ ಇಡ್ತಾರೇನು? ಮ್ಯಾಲ ಲಗೂನ ಒಣಗ್ತದ, ಒಳಗ ಹಸಿ ಇರ್ತದ. ಸೀಳ್ದೆ ಏನ್ ಮಾಡ್ತದ? ಮೊಣಕಾಲು ನೋಯಾಕತ್ತಿತ್ತು, ಇಲ್ಲಂದ್ರ ಎರಡೂ ಇಳಸ್ತಿದ್ದೆ."

ಎಂಟು ದಿನ ಆಕೆ ಆ ಸೀರೆಗೆ ನೀರು ಚಿಮುಕಿಸಿದಳು. ಎಂಟು ದಿನವೂ ನಾನು ಮುಖ ಊದಿಸಿಕೊಂಡಿದ್ದೆ. ಆಕೆಯ ಗುಂಡು ಪುಡಿಯಾದದ್ದನ್ನು ತೋರಿಸಿ ಬಾಯಿ ಮುಚ್ಚಿಸಬೇಕೆಂಬ ಒಂದೇ ಹಟಕ್ಕೆ ಎರಡೂ ತಟ್ಟೆಗಳನ್ನು ಲ್ಯಾಬಿಗೆ ಹೊತ್ತುತಂದು, ಸುಟ್ಟು, ನೆನೆಸಿ, ಪರೀಕ್ಷೆಗೆ ಹಾಕಿದೆ. ಬಿಸಿಲಿನವು ಎಂದಿನಂತೆ ಹತ್ತಕ್ಕೇ ಮುಗಿದವು. ಅತ್ತೆಯವು ನೂರು ದಾಟಿದವು, ಇನ್ನೂರು ದಾಟಿದವು. ಮುಚ್ಚಿ ಒಣಗಿಸಿದವು ಎಂದಾಗ ಗೈಡ್ ಕನ್ನಡಕ ಒರೆಸಿಕೊಂಡು ಕೇಳಿದರು: "ಅದರ ಮ್ಯಾಲ ಏನ್ ಮುಚ್ಚಿದ್ದಿ?"

"ನಮ್ಮತ್ತಿ ಸೀರಿರಿ, ಸರ್."

'ಒದ್ದೆ ಹತ್ತಿ ಬಟ್ಟೆಯಡಿ ನಿಧಾನವಾಗಿ ಒಣಗಿಸುವ ವಿಧಾನ' ಎಂದು ಥೀಸಿಸ್‌ನಲ್ಲಿ ಬರೆದೆ. ಮುಖ ಊದಿಸಿಕೊಂಡದ್ದನ್ನು ಬರೆಯಲಿಲ್ಲ. ಈಗಲೂ ನಾಚಿಕೆಯಾಗುತ್ತದೆ.

ಅಂದಿನಿಂದ ಪ್ರತಿ ತಟ್ಟೆಯನ್ನೂ ಅದೇ ಸೀರೆಯಡಿ ಒಣಗಿಸಿದ್ದೇನೆ. ಗುಂಡುಗಳು ಬಾಳಿಕೆ ಬಂದವು, ಸೀರೆ ಹರಿಯಿತು. ಸಿಂಕಿನ ಬಳಿ ನಿಂತೇ ಅತ್ತೆಗೆ ಫೋನು ಮಾಡಿ, ಹೊಸ ಬಟ್ಟೆ ತರಲೇ ಎಂದು ಕೇಳಿದೆ.

"ಹೊಸಾದು ನೀರು ಹಿಡಿಯಂಗಿಲ್ಲೋ. ಉಟ್ಟು, ಒಗದು ಮೆತ್ತಗಾಗಬೇಕು. ಒಂದು ಹತ್ತಿ ಸೀರಿ ತಂದು ಕೊಡು, ಎರಡು ವರ್ಷ ಉಟ್ಟು ಹಳೇದು ಮಾಡಿ ಕೊಡ್ತೇನಿ."

ಅತ್ತೆಗೆ ಈಗ ಎಪ್ಪತ್ತಾರು. ಸಂಜೆ ಅಂಗಡಿಗೆ ಹೋಗಿ ಐದು ಸೀರೆ ಕೊಂಡೆ. ಐದನ್ನೂ ಒಂದಾದ ಮೇಲೊಂದು ಉಟ್ಟು, ಆಕೆಯೇ ಹಳೆಯದು ಮಾಡಿ ಕೊಡಬೇಕು.